ನೋ ಮ್ಯಾನ್ಸ್ ಸ್ಕೈ ಆಡೋದು ಹೇಗೆ: ಕೊಳ್ಳುವುದರಿಂದ ಹಿಡಿದು ಎರಡನೇ ನಕ್ಷತ್ರದವರೆಗೆ

ಮೈಸೂರಿನಲ್ಲಿ ಗೇಮ್ ಆಡುವ ಹುಡುಗರ ಹತ್ತಿರ ನೋ ಮ್ಯಾನ್ಸ್ ಸ್ಕೈ ಹೆಸರು ಎತ್ತಿ ನೋಡಿ. ನೌಕೆಯಲ್ಲಿ ಗ್ರಹದಿಂದ ಗ್ರಹಕ್ಕೆ ಅಲೆಯುವ ವಿಡಿಯೋ ಗೇಮ್ ಇದು. ಎರಡು ಥರದ ಉತ್ತರ ಬರುತ್ತದೆ. ಕೆಲವರು "ಅಯ್ಯೋ, ಬರೀ ಕಲ್ಲು ಒಡೆಯೋದು ಗುರು, ಸಖತ್ ಬೋರು" ಅನ್ನುತ್ತಾರೆ. ಇನ್ನು ಕೆಲವರು ಮೊಬೈಲ್ ತೆಗೆದು ತಮ್ಮ ಗ್ರಹದ ಫೋಟೋ ತೋರಿಸಲು ಶುರು ಮಾಡುತ್ತಾರೆ, ನಿಲ್ಲಿಸುವುದೇ ಇಲ್ಲ. ಇವರಿಬ್ಬರ ನಡುವೆ ಇರುವುದು ಸುಮಾರು ಎರಡು ಗಂಟೆಯ ಆಟ. ಆ ಎರಡು ಗಂಟೆಯಲ್ಲಿ ಕೈಬಿಟ್ಟವರು ಮೊದಲ ಗುಂಪು, ದಾಟಿದವರು ಎರಡನೇ ಗುಂಪು. ಆಟದೊಳಗೆ ಕನ್ನಡ ಇಲ್ಲ, ಭಾರತದ ಯಾವ ಭಾಷೆಯೂ ಇಲ್ಲ. ಪರದೆ ತುಂಬ ಇಂಗ್ಲಿಷ್ ಸೂಚನೆ. ಅದಕ್ಕೇ ಆ ಎರಡು ಗಂಟೆಯನ್ನು ಇಲ್ಲಿ ಸ್ವಲ್ಪ ಜಾಸ್ತಿಯೇ ಬಿಡಿಸಿ ಬರೆಯುತ್ತಿದ್ದೇನೆ. ವಸ್ತುಗಳ ಹೆಸರನ್ನು ಪರದೆಯ ಮೇಲೆ ಇರುವಂತೆಯೇ ಇಟ್ಟಿದ್ದೇನೆ, ಹುಡುಕಲು ಸುಲಭ ಅಂತ.

ಬೈದವರೂ ಅವರೇ, ಹೊಗಳಿದವರೂ ಅವರೇ

ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಹಲೋ ಗೇಮ್ಸ್ ಎಂಬ ಚಿಕ್ಕ ಕಂಪನಿ ಈ ಆಟ ಮಾಡಿದ್ದು. ಮುಖ್ಯಸ್ಥ ಶಾನ್ ಮರ್ರಿ. 2013ರ ಡಿಸೆಂಬರ್‌ನಲ್ಲಿ ಮೊದಲ ಸಲ ತೋರಿಸಿದರು, 2016ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದರು. ಬಿಡುಗಡೆಯ ದಿನ ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಎರಡು ಲಕ್ಷಕ್ಕೂ ಜಾಸ್ತಿ ಜನ ಆಡುತ್ತಿದ್ದರು. ಅಷ್ಟೇ ವೇಗದಲ್ಲಿ ಸಿಟ್ಟೂ ಬಂತು. ಇಬ್ಬರು ಆಟಗಾರರು ಮೊದಲ ದಿನವೇ ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತರು. ಒಬ್ಬರಿಗೆ ಇನ್ನೊಬ್ಬರು ಕಾಣಿಸಲೇ ಇಲ್ಲ. ಟ್ರೇಲರ್‌ನಲ್ಲಿ ತೋರಿಸಿದ್ದ ಎಷ್ಟೋ ಸಂಗತಿ ಆಟದಲ್ಲಿ ಇರಲಿಲ್ಲ. ಬ್ರಿಟನ್ನಿನ ಜಾಹೀರಾತು ನಿಗಾ ಸಂಸ್ಥೆಗೆ ದೂರು ಹೋಯಿತು. ಆ ಸಂಸ್ಥೆ ನೋಡಿ, ಜಾಹೀರಾತು ದಾರಿ ತಪ್ಪಿಸುವಂಥದ್ದಲ್ಲ ಅಂತ ಅದೇ ವರ್ಷದ ನವೆಂಬರ್‌ನಲ್ಲಿ ಹೇಳಿತು. ಆದರೂ ಕೊಂಡವರ ಬೇಜಾರು ಕಡಿಮೆ ಆಗಲಿಲ್ಲ.

ಹಲೋ ಗೇಮ್ಸ್ ಆಮೇಲೆ ಜಾಸ್ತಿ ಮಾತಾಡಲಿಲ್ಲ, ಕೆಲಸ ಮಾಡಿತು. 2016ರ ನವೆಂಬರ್‌ನಲ್ಲೇ ಮನೆ ಕಟ್ಟುವ ಸೌಲಭ್ಯ ಬಂತು. 2018ರ 'ನೆಕ್ಸ್ಟ್' ಅಪ್‌ಡೇಟ್‌ನಲ್ಲಿ ಸ್ನೇಹಿತರು ಒಬ್ಬರನ್ನೊಬ್ಬರು ನೋಡುತ್ತ ಆಡುವಂತಾಯಿತು. 2019ರ 'ಬಿಯಾಂಡ್'ನಲ್ಲಿ ವಿಆರ್ (ಕಣ್ಣಿಗೆ ಸಾಧನ ಕಟ್ಟಿಕೊಂಡು ಆಟದೊಳಗೇ ನಿಂತಂತೆ ಆಡುವುದು) ಬಂತು. 2020ರಲ್ಲಿ ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೂರೂ ಕಡೆಯವರು ಒಟ್ಟಿಗೆ ಆಡುವ ದಾರಿ ತೆರೆಯಿತು. 2025ರ 'ವಾಯೇಜರ್ಸ್'ನಲ್ಲಿ ನಾವೇ ಭಾಗ ಭಾಗವಾಗಿ ಕಟ್ಟಿ ಒಳಗೆ ಓಡಾಡಬಹುದಾದ ಕಾರ್ವೆಟ್ ನೌಕೆ ಬಂತು. ಇದೆಲ್ಲ ಪುಕ್ಕಟೆ. ಒಂದು ಸಲ ಕೊಂಡವರು ಮತ್ತೆ ಒಂದು ರೂಪಾಯಿ ಕೊಟ್ಟಿಲ್ಲ. 2016ರಲ್ಲಿ ಬೈಗುಳ ತುಂಬಿದ್ದ ಸ್ಟೀಮ್ ವಿಮರ್ಶೆಗಳ ಒಟ್ಟು ಅಂಕ 2024ರ ಕೊನೆಗೆ 'ವೆರಿ ಪಾಸಿಟಿವ್' ಆಯಿತು. ಹಾಗಾಗಿ ಯೂಟ್ಯೂಬ್‌ನಲ್ಲಿ ಹಳೇ ವಿಮರ್ಶೆ ನೋಡಿ ತೀರ್ಮಾನ ಮಾಡಬೇಡಿ. ವಿಡಿಯೋದ ತಾರೀಖು ನೋಡಿ. 2018ಕ್ಕಿಂತ ಹಿಂದಿನದಾದರೆ ಅದು ಬೇರೆಯೇ ಆಟ.

ಗ್ರಹಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಎರಡರ ಅರವತ್ತನಾಲ್ಕನೇ ಘಾತ. ನಮ್ಮ ಲೆಕ್ಕದಲ್ಲಿ ಸುಮಾರು 1 ಲಕ್ಷ 84 ಸಾವಿರ ಕೋಟಿ ಕೋಟಿ. ಸೆಕೆಂಡಿಗೆ ಒಂದು ಗ್ರಹ ನೋಡುತ್ತ ಹೋದರೂ 58 ಸಾವಿರ ಕೋಟಿ ವರ್ಷ ಬೇಕು. ಇವನ್ನೆಲ್ಲ ಯಾರೂ ಕೂತು ಬರೆದಿಟ್ಟಿಲ್ಲ. ಒಂದು ಮೂಲ ಸಂಖ್ಯೆ, ಅದರ ಮೇಲೆ ಒಂದಷ್ಟು ಸೂತ್ರ. ನೀವು ಹತ್ತಿರ ಹೋದಾಗ ಬೆಟ್ಟ, ಗಿಡ, ಪ್ರಾಣಿ ಎಲ್ಲ ಆ ಸೂತ್ರದಿಂದ ಹುಟ್ಟುತ್ತವೆ. ಸಂಖ್ಯೆ ಒಂದೇ ಆದ್ದರಿಂದ ನೀವು ಹೋದರೂ ನಾನು ಹೋದರೂ ಅದೇ ಬೆಟ್ಟ.

ಕೊಳ್ಳುವ ಮೊದಲು

ಸ್ಟೀಮ್‌ನಲ್ಲಿ ರೂಪಾಯಿ ಬೆಲೆ ಇದೆ. ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಡಿ. ವರ್ಷದಲ್ಲಿ ಎಷ್ಟೋ ಸಲ ಅರ್ಧ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತ ಕಡಿಮೆಗೆ ಬರುತ್ತದೆ. ವಿಶ್‌ಲಿಸ್ಟ್‌ಗೆ ಹಾಕಿಟ್ಟರೆ ಬೆಲೆ ಇಳಿದ ದಿನ ಮೇಲ್ ಬರುತ್ತದೆ. ಎಕ್ಸ್‌ಬಾಕ್ಸ್ ಗೇಮ್ ಪಾಸ್‌ಗೂ 2020ರಲ್ಲೇ ಬಂದಿದೆ. ಸ್ನೇಹಿತರ ಹತ್ತಿರ ಆ ಚಂದಾ ಇದ್ದರೆ ಅವರ ಮನೆಯಲ್ಲಿ ಕೂತು ಒಂದು ಸಂಜೆ ಆಡಿ ನೋಡಿ. ಪ್ಲೇಸ್ಟೇಷನ್, ನಿಂಟೆಂಡೊ ಸ್ವಿಚ್, ಮ್ಯಾಕ್‌ಗಳಲ್ಲೂ ಇದೆ.

ಪಿಸಿ ಆದರೆ ಕನಿಷ್ಠ 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1060 ಮಟ್ಟದ ಗ್ರಾಫಿಕ್ಸ್ ಕಾರ್ಡ್, 15 ಜಿಬಿಯಷ್ಟು ಖಾಲಿ ಜಾಗ. ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವವರು ಕಾರ್ಡ್ ಹಾಕಿಸಿ, ಅಂಗಡಿಯಲ್ಲೇ ಅರ್ಧ ಗಂಟೆ ಯಾವುದಾದರೂ ಆಟ ಓಡಿಸಿ ನೋಡಿಯೇ ದುಡ್ಡು ಕೊಡಿ. ಡಿಸ್ಕ್ ಎಸ್‌ಎಸ್‌ಡಿ ಇರಲಿ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಲೋಡ್ ಆಗುವಷ್ಟರಲ್ಲಿ ಕಾಫಿ ಮಾಡಿಕೊಂಡು ಬರಬಹುದು.

ಗೇಮಿಂಗ್ ಕೆಫೆಯಲ್ಲಿ ಆಡಬಹುದಾ ಅಂತ ಕೇಳುತ್ತಾರೆ. ರುಚಿ ನೋಡಲು ಸಾಕು, ಸಂಸಾರ ಮಾಡಲು ಬೇಡ. ಸೇವ್ ಆದದ್ದು ಆ ಕಂಪ್ಯೂಟರಿನಲ್ಲೇ ಉಳಿದುಬಿಡಬಹುದು. ರಾತ್ರಿ ಎಲ್ಲ ಅಳಿಸಿ ಬೆಳಿಗ್ಗೆ ಹೊಸದಾಗಿ ಶುರು ಮಾಡುವ ಕೆಫೆಗಳೂ ಇವೆ.

ಇನ್ನೊಂದು ಮಾತು, ಇದು ಮುಖ್ಯ. ಕೊಂಡು ಹದಿನಾಲ್ಕು ದಿನ ಆಗಿಲ್ಲ, ಎರಡು ಗಂಟೆಗಿಂತ ಕಡಿಮೆ ಆಡಿದ್ದೀರಿ ಅಂದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಆದರೆ ಈ ಆಟದ ಮೊದಲ ಎರಡು ಗಂಟೆಯೇ ನಿಧಾನದ ಭಾಗ. ಮೊದಲ ಸಲ ತೆರೆದಾಗ ಶೇಡರ್ (ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಂಗಳು) ಲೋಡ್ ಆಗುವ ಹೊತ್ತೂ ಆ ಎರಡು ಗಂಟೆಯಲ್ಲೇ ಸೇರುತ್ತದೆ. ಆದ್ದರಿಂದ ಮೊದಲ ಸಲ ಕೂತಾಗ ಒಂದೇ ಪರೀಕ್ಷೆ ಮಾಡಿ: ನಿಮ್ಮ ಮೆಷಿನ್‌ನಲ್ಲಿ ಆಟ ತಡವರಿಸದೆ ಓಡುತ್ತಿದೆಯಾ? ಇಲ್ಲ ಅಂದರೆ ವಾಪಸ್ ಕೊಡಿ. ಓಡುತ್ತಿದ್ದರೆ, ಇಷ್ಟ ಆಯಿತೋ ಇಲ್ಲವೋ ಅನ್ನುವ ತೀರ್ಮಾನವನ್ನು ಅಂತರಿಕ್ಷ ನಿಲ್ದಾಣ ಮುಟ್ಟುವವರೆಗೆ ಮುಂದೆ ಹಾಕಿ.

ಶುರು ಮಾಡುವಾಗ ಯಾವುದನ್ನು ಒತ್ತಬೇಕು

ಆಟ ಮೋಡ್ ಕೇಳುತ್ತದೆ. ನಾರ್ಮಲ್, ರಿಲ್ಯಾಕ್ಸ್ಡ್, ಸರ್ವೈವಲ್, ಕ್ರಿಯೇಟಿವ್, ಪರ್ಮಾಡೆತ್. ಇಂಥ ಆಟ ಹಿಂದೆ ಆಡಿಲ್ಲ ಅಂದರೆ ರಿಲ್ಯಾಕ್ಸ್ಡ್ ತೊಗೊಳ್ಳಿ, ನಾಚಿಕೆ ಏನೂ ಬೇಡ. ಆಮ್ಲಜನಕ ಬೇಗ ಮುಗಿಯುವುದಿಲ್ಲ, ಏಟು ಕಡಿಮೆ. ಒಂದಿಷ್ಟು ಆಡಿದವರಿಗೆ ನಾರ್ಮಲ್ ಸರಿ. ಬೇಕೆನಿಸಿದಾಗ ಕಷ್ಟದ ಮಟ್ಟವನ್ನು ನಡುವೆಯೇ ಬದಲಿಸಬಹುದು. ಪರ್ಮಾಡೆತ್‌ನಲ್ಲಿ ಸತ್ತರೆ ಸೇವ್ ಪೂರ್ತಿ ಹೋಗುತ್ತದೆ. ಕ್ರಿಯೇಟಿವ್‌ನಲ್ಲಿ ಶುರು ಮಾಡಬೇಡಿ. ಎಲ್ಲ ಪುಕ್ಕಟೆ ಸಿಕ್ಕಿದ ಮೇಲೆ ಹುಡುಕಲು ಏನಿರುತ್ತದೆ?

ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಅನ್ನು ಮೀಡಿಯಂಗೆ ಇಳಿಸಿ, ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ) ಮಿತಿಯನ್ನು 30ಕ್ಕೆ ಕಟ್ಟಿ. ಏಪ್ರಿಲ್ ಬಿಸಿಲಿನಲ್ಲಿ ಮಂಡ್ಯದ ತಾರಸಿ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಡುವವರಿಗೆ ಇದು ಬೇಕೇ ಬೇಕು. ನೆಟ್ ಸರಿ ಇಲ್ಲದ ಹಳ್ಳಿಯಲ್ಲಿದ್ದರೆ ಮಲ್ಟಿಪ್ಲೇಯರ್ ಆಫ್ ಮಾಡಿ. ಡೌನ್‌ಲೋಡ್ ಆದ ಮೇಲೆ ಒಬ್ಬರೇ ಆಡಲು ನೆಟ್ ಬೇಕಾಗಿಲ್ಲ.

ಕರೆಂಟಿನ ಮಾತು. ಈ ಆಟ ನೀವು ನೌಕೆಯಿಂದ ಇಳಿದಾಗಲೆಲ್ಲ ತಾನಾಗಿ ಸೇವ್ ಆಗುತ್ತದೆ. ಹಾಗಾಗಿ ಏನಾದರೂ ದೊಡ್ಡ ಕೆಲಸ ಮುಗಿದ ತಕ್ಷಣ ನೌಕೆ ಹತ್ತಿ, ಇಳಿಯಿರಿ. ಎರಡು ಸೆಕೆಂಡಿನ ಕೆಲಸ. ಡೆಸ್ಕ್‌ಟಾಪ್‌ನಲ್ಲಿ ಯುಪಿಎಸ್ ಇಲ್ಲದೆ ಆಡುವವರು ಇದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು. ನಮ್ಮ ಬೀದಿಯಲ್ಲಿ ಮಳೆ ಶುರುವಾಗುವ ಮೊದಲೇ ಕರೆಂಟು ಹೋಗಿರುತ್ತದೆ.

ಮೊದಲ ಗ್ರಹ: ನಾಲ್ಕೇ ನಾಲ್ಕು ವಸ್ತು

ಕಣ್ಣು ಬಿಟ್ಟಾಗ ಒಂದು ಕೆಟ್ಟ ಗ್ರಹದ ಮೇಲೆ ನಿಂತಿರುತ್ತೀರಿ. ವಿಷದ ಗಾಳಿಯೋ, ವಿಕಿರಣವೋ, ಸುಡುವ ಬಿಸಿಲೋ, ಕೊರೆಯುವ ಚಳಿಯೋ, ಯಾವುದಾದರೂ ಒಂದು. ಎಲ್ಲರಿಗೂ ಬೇರೆ ಬೇರೆ. ನೌಕೆ ಎಲ್ಲಿದೆ ಗೊತ್ತಿಲ್ಲ, ಸ್ಕ್ಯಾನರ್ ಕೆಟ್ಟಿದೆ, ಪರದೆಯ ಮೇಲೆ ಎಚ್ಚರಿಕೆ ಕೂಗುತ್ತಿದೆ. ಗಾಬರಿ ಆಗಬೇಡಿ. ನೆನಪಿಡಬೇಕಾದ್ದು ನಾಲ್ಕು ಹೆಸರು ಮಾತ್ರ.

ಸೋಡಿಯಂ. ಹಳದಿಯಾಗಿ ಹೊಳೆಯುವ ಗಿಡದಿಂದ ಸಿಗುತ್ತದೆ. ಬಿಸಿಲು, ವಿಷ, ಚಳಿಯಿಂದ ಕಾಪಾಡುವ ಕವಚಕ್ಕೆ ಇದನ್ನು ತುಂಬಬೇಕು. ಮೊದಲ ಕೆಲಸ ಇದೇ. ಆಕ್ಸಿಜನ್. ಕೆಂಪು ಗಿಡ. ಉಸಿರಾಟದ ವ್ಯವಸ್ಥೆಗೆ. ಕಾರ್ಬನ್. ಸಾಮಾನ್ಯ ಗಿಡ ಮರಗಳಿಂದ. ನಿಮ್ಮ ಕೈಯಲ್ಲಿರುವ ಮೈನಿಂಗ್ ಬೀಮ್‌ಗೆ ಇಂಧನ. ಡೈ-ಹೈಡ್ರೋಜನ್. ನೀಲಿ ಹರಳು. ನೌಕೆ ಮೇಲೇಳಲು ಬೇಕಾದ ಇಂಧನ ಇದರಿಂದ ತಯಾರಾಗುತ್ತದೆ. ಹಳದಿ, ಕೆಂಪು, ಹಸಿರು, ನೀಲಿ. ಇದು ತಲೆಗೆ ಹತ್ತಿದರೆ ಅರ್ಧ ಆಟ ಬಂದ ಹಾಗೆ. ಹೋಗುವ ದಾರಿಯಲ್ಲಿ ಹಳದಿ ಗಿಡ ಕಂಡರೆ ಬೇಕಿರಲಿ ಬೇಡದಿರಲಿ ಕಿತ್ತುಕೊಳ್ಳಿ.

ಇನ್ನು ಕಲ್ಲು. ಕಲ್ಲು ಒಡೆದರೆ ಫೆರೈಟ್ ಡಸ್ಟ್ ಬರುತ್ತದೆ, ಅದು ಎಲ್ಲದಕ್ಕೂ ಬೇಕು. ಸ್ಕ್ಯಾನರ್ ರಿಪೇರಿಗೆ ಬೇಕು. 50 ಡಸ್ಟ್ ಸೇರಿಸಿದರೆ ಒಂದು ಮೆಟಲ್ ಪ್ಲೇಟಿಂಗ್ ಆಗುತ್ತದೆ. ಮಂಡ್ಯದಿಂದ ಬಂದಿದ್ದ ನಮ್ಮ ಚಿಕ್ಕಪ್ಪನ ಮಗ ಪಕ್ಕದಲ್ಲಿ ಕೂತು ಒಂದು ಹೊತ್ತು ನೋಡಿ, "ಏನಣ್ಣ, ದುಡ್ ಕೊಟ್ಟು ಕಲ್ ಒಡಿಯಾಕೆ ಕುಂತಿದ್ದೀಯಾ? ನಮ್ ಹೊಲ್ದಲ್ಲಿ ಬೇಕಾದಷ್ಟ್ ಕಲ್ ಅವೆ, ಬಾ" ಅಂದ. ಅವನ ಮಾತು ಸುಳ್ಳಲ್ಲ. ಈ ಭಾಗ ಕೂಲಿ ಕೆಲಸವೇ. ಆದರೆ ಇದನ್ನು ಬೇಗ ಮುಗಿಸುವ ದಾರಿ ಇದೆ.

ಸ್ಕ್ಯಾನರ್ ಸರಿ ಮಾಡಿದ ಮೇಲೆ 'ಸಿ' ಕೀ ಒತ್ತಿ. ಸುತ್ತ ಇರುವ ವಸ್ತುಗಳ ಗುರುತು ಮೂಡುತ್ತದೆ. ನೌಕೆಯ ಗುರುತೂ ಬರುತ್ತದೆ. ಅಲ್ಲಿಗೆ ನಡೆಯಬೇಡಿ, ಹಾರುತ್ತ ಹೋಗಿ. ಓಡುವಾಗ 'ಕ್ಯೂ' ಒತ್ತಿ ಗುದ್ದಿ, ಗುದ್ದಿದ ಕ್ಷಣವೇ ಜೆಟ್‌ಪ್ಯಾಕ್ ಒತ್ತಿ. ಗುದ್ದಿದ ರಭಸ ಹಾಗೇ ಉಳಿದು ಮುಂದಕ್ಕೆ ಎಸೆಯುತ್ತದೆ. ಆಟ ಇದನ್ನು ಎಲ್ಲೂ ಹೇಳಿಕೊಡುವುದಿಲ್ಲ, ಹಳೇ ಆಟಗಾರರೆಲ್ಲ ಹೀಗೇ ಓಡಾಡುತ್ತಾರೆ. ಹತ್ತು ನಿಮಿಷದ ದಾರಿ ಅರ್ಧಕ್ಕೆ ಇಳಿಯುತ್ತದೆ.

ಬಿರುಗಾಳಿ ಎದ್ದರೆ ಹೊರಗೆ ನಿಂತು ಸೋಡಿಯಂ ಸುರಿಯುತ್ತ ಕೂರಬೇಡಿ. ಗುಹೆ ಇದ್ದರೆ ನುಗ್ಗಿ. ಗುಹೆಯೊಳಗೆ ಕವಚ ತಾನಾಗಿ ತುಂಬಿಕೊಳ್ಳುತ್ತದೆ. ನೌಕೆಯೊಳಗೆ ಕೂತರೂ ಹಾಗೇ. ಗುಹೆಯಲ್ಲಿ ಕೋಬಾಲ್ಟ್ ಸಿಗುತ್ತದೆ, ಅದನ್ನು ಇಟ್ಟುಕೊಳ್ಳಿ, ಮುಂದೆ ದುಡ್ಡು.

ಗಾಳಿಯಲ್ಲಿ ತೇಲುವ ಚಿಕ್ಕ ಯಂತ್ರಗಳು ಕಾಣಿಸುತ್ತವೆ. ಅವು ಸೆಂಟಿನೆಲ್, ಕಾವಲುಗಾರರು. ಅವುಗಳ ಕಣ್ಣ ಮುಂದೆ ಅಗೆಯಬೇಡಿ, ಪ್ರಾಣಿ ಕೊಲ್ಲಬೇಡಿ. ಹೊಳೆಯುವ ಗುಂಡು ಗ್ರಾವಿಟಿನೋ ಬಾಲ್ ಕಂಡರೆ ಆಸೆ ಆಗುತ್ತದೆ, ಆದರೆ ಮುಟ್ಟಿದ ಕೂಡಲೇ ಬೆನ್ನು ಹತ್ತುತ್ತವೆ. ಶುರುವಿನಲ್ಲಿ ಅವುಗಳ ಜೊತೆ ಜಗಳ ಗೆಲ್ಲಲಾಗದು. ನೆಲ ಕೊರೆಯುವ ಸಾಧನ ಟೆರೈನ್ ಮ್ಯಾನಿಪ್ಯುಲೇಟರ್ ಸಿಕ್ಕಿದ ಮೇಲೆ ಒಂದು ಉಪಾಯ ಇದೆ: ನೆಲ ಕೊರೆದು ಒಳಗೆ ಇಳಿದು ಸುಮ್ನೆ ನಿಲ್ಲಿ. ಸ್ವಲ್ಪ ಹೊತ್ತಿಗೆ ಹುಡುಕಿ ಸಾಕಾಗಿ ಹೋಗುತ್ತವೆ. ಪಾಳು ಬಿದ್ದ ಕಟ್ಟಡದ ಸುತ್ತ ಮಿಣುಕುವ ಮೊಟ್ಟೆಗಳಿದ್ದರೆ ಸದ್ಯಕ್ಕೆ ದೂರ ಇರಿ.

ಸತ್ತರೂ ಆಟ ಮುಗಿಯಲಿಲ್ಲ. ನಾರ್ಮಲ್‌ನಲ್ಲಿ ಸತ್ತ ಜಾಗದಲ್ಲಿ ನಿಮ್ಮ ಸಾಮಾನು ಬಿದ್ದಿರುತ್ತದೆ. ಗುರುತು ಹಿಡಿದು ಹೋಗಿ ಎತ್ತಿಕೊಳ್ಳಿ.

ನೌಕೆ ಎಬ್ಬಿಸುವುದು

ನೌಕೆಯಲ್ಲಿ ಎರಡು ಭಾಗ ಕೆಟ್ಟಿವೆ: ಅಂತರಿಕ್ಷದಲ್ಲಿ ವೇಗವಾಗಿ ಓಡಿಸುವ ಪಲ್ಸ್ ಎಂಜಿನ್, ನೆಲದಿಂದ ಎತ್ತುವ ಲಾಂಚ್ ಥ್ರಸ್ಟರ್. ಪಲ್ಸ್ ಎಂಜಿನ್‌ಗೆ ಒಂದು ಮೆಟಲ್ ಪ್ಲೇಟಿಂಗ್, ಒಂದು ಹರ್ಮೆಟಿಕ್ ಸೀಲ್ ಬೇಕು. ಪ್ಲೇಟಿಂಗ್ ಕೈಯಲ್ಲೇ ಆಗುತ್ತದೆ. ಸೀಲ್ ನೀವು ಮಾಡುವಂಥದ್ದಲ್ಲ. ಆಟ ಒಂದು ಗುರುತು ಕೊಟ್ಟು ಕಳಿಸುತ್ತದೆ, ಅಲ್ಲಿಂದ ತರಬೇಕು. ಹೋಗುವ ಮುಂಚೆ ಅನಾಲಿಸಿಸ್ ವೈಸರ್ ತಯಾರಿಸಲು ಹೇಳುತ್ತದೆ. 50 ಕಾರ್ಬನ್‌ನಿಂದ ಒಂದು ಕಾರ್ಬನ್ ನ್ಯಾನೋಟ್ಯೂಬ್ ಮಾಡಿ ಹಾಕಿದರೆ ಆಯಿತು. ಈ ವೈಸರ್ ಇಡೀ ಆಟದ ಜೀವ. 'ಎಫ್' ಒತ್ತಿ ನೋಡಿದರೆ ಗಿಡ, ಕಲ್ಲು, ಪ್ರಾಣಿ ಒಂದೊಂದನ್ನೂ ಗುರುತಿಸಿ ದುಡ್ಡು ಕೊಡುತ್ತದೆ.

ಲಾಂಚ್ ಥ್ರಸ್ಟರ್‌ಗೆ ಡೈ-ಹೈಡ್ರೋಜನ್ ಜೆಲ್ಲಿ ಮತ್ತು ಪ್ಯೂರ್ ಫೆರೈಟ್. ಜೆಲ್ಲಿ ನೀಲಿ ಹರಳಿನಿಂದ. ಪ್ಯೂರ್ ಫೆರೈಟ್‌ಗೆ ರಿಫೈನರ್ ಬೇಕು. ಒಂದು ಪ್ಲೇಟಿಂಗ್, ಸ್ವಲ್ಪ ಆಕ್ಸಿಜನ್ ಕೊಟ್ಟು ಪೋರ್ಟಬಲ್ ರಿಫೈನರ್ ಕಟ್ಟಿ, ನೆಲದ ಮೇಲಿಟ್ಟು, ಇಂಧನವಾಗಿ ಕಾರ್ಬನ್ ಹಾಕಿ. ಆಲೆಮನೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗುವ ಹಾಗೆ ಒಂದು ಕಡೆ ಕಚ್ಚಾ ಮಾಲು, ಇನ್ನೊಂದು ಕಡೆ ಪಕ್ಕಾ ಮಾಲು. ಫೆರೈಟ್ ಡಸ್ಟ್ ಹಾಕಿದಷ್ಟೂ ಪ್ಯೂರ್ ಫೆರೈಟ್ ಬರುತ್ತದೆ. ಎರಡು ಕಾರ್ಬನ್‌ಗೆ ಒಂದು ಕಂಡೆನ್ಸ್ಡ್ ಕಾರ್ಬನ್, ಎರಡು ತಾಮ್ರಕ್ಕೆ ಒಂದು ಕ್ರೊಮ್ಯಾಟಿಕ್ ಮೆಟಲ್. ಕೆಲಸ ಮುಗಿದ ಮೇಲೆ ರಿಫೈನರ್ ಎತ್ತಿಕೊಂಡು ಹೋಗುವುದನ್ನು ಮರೆಯಬೇಡಿ. ಒಳಗಿರುವ ಮಾಲನ್ನು ಮೊದಲು ತೆಗೆದುಕೊಳ್ಳಿ.

ಯಾವುದಕ್ಕೆ ಏನು ಬೇಕು ಅಂತ ಮರೆತುಹೋಗುತ್ತಿದ್ದರೆ, ಆ ವಸ್ತುವನ್ನು ಪಟ್ಟಿಯಲ್ಲಿ ಪಿನ್ ಮಾಡಿ. ಆಟವೇ ಮೂಲೆಯಲ್ಲಿ ಒಂದೊಂದಾಗಿ ತೋರಿಸುತ್ತ ಹೋಗುತ್ತದೆ. ಇಂಗ್ಲಿಷ್ ಓದಲು ಬೇಸರ ಇರುವವರಿಗೆ ಇದು ಒಳ್ಳೇದು.

ಒಂದು ಲೆಕ್ಕ. ನಾರ್ಮಲ್ ಮೋಡ್‌ನಲ್ಲಿ ನೆಲದಿಂದ ನಾಲ್ಕು ಸಲ ಹಾರಿದರೆ ಲಾಂಚ್ ಇಂಧನ ಖಾಲಿ. ಆದರೆ ನಿಲ್ದಾಣ, ಟ್ರೇಡ್ ಪೋಸ್ಟ್‌ಗಳ ಪ್ಯಾಡ್ ಮೇಲಿಂದ ಹಾರಿದರೆ ಖರ್ಚೇ ಇಲ್ಲ. ಪ್ಯಾಡ್ ಕಂಡರೆ ಅಲ್ಲೇ ಇಳಿಸಿ. ಹತ್ತು ಹೆಜ್ಜೆಗೊಮ್ಮೆ ನೌಕೆ ಇಳಿಸಿ ಎಬ್ಬಿಸುವ ಚಟ ಬೇಡ.

ಮೊದಲ ಸಲ ಮೇಲೇಳಿದಾಗ ಅವಸರ ಮಾಡಬೇಡಿ. ಮೋಡ ದಾಟುತ್ತದೆ, ಆಕಾಶದ ಬಣ್ಣ ಕಪ್ಪಾಗುತ್ತದೆ, ಗ್ರಹ ಚೆಂಡಾಗಿ ಕೆಳಗೆ ಉಳಿಯುತ್ತದೆ. ನಡುವೆ ಲೋಡಿಂಗ್ ಪರದೆ ಬರುವುದಿಲ್ಲ. ಬೋರು ಅಂದವರಲ್ಲಿ ಎಷ್ಟೋ ಮಂದಿ ಈ ಜಾಗದವರೆಗೆ ಬಂದೇ ಇರುವುದಿಲ್ಲ.

ನಿಲ್ದಾಣ, ಮತ್ತೆ ದುಡ್ಡಿನ ವಿಚಾರ

ಪ್ರತಿ ನಕ್ಷತ್ರದ ಬಳಿ ಸಾಮಾನ್ಯವಾಗಿ ಒಂದು ನಿಲ್ದಾಣ ಇರುತ್ತದೆ. ಪಲ್ಸ್ ಎಂಜಿನ್ ಹಾಕಿ ಹೋಗಿ. ಅದರ ಇಂಧನ ಟ್ರಿಟಿಯಂ, ದಾರಿಯಲ್ಲಿ ತೇಲುವ ಕಲ್ಲುಗಳಿಗೆ ಗುಂಡು ಹೊಡೆದರೆ ಸಿಗುತ್ತದೆ.

ನಿಲ್ದಾಣದಲ್ಲಿ ಗೆಕ್, ಕೊರ್ವಾಕ್ಸ್, ವೈಕೀನ್ ಎಂಬ ಮೂರು ಜನಾಂಗದಲ್ಲಿ ಯಾವುದಾದರೂ ಒಂದು. ಅವರ ಭಾಷೆ ನಿಮಗೆ ಬರುವುದಿಲ್ಲ. ಮಾತಾಡಿಸಿದರೆ ಒಂದೊಂದೇ ಪದ ಕಲಿಸುತ್ತಾರೆ. ನಿಧಾನವಾಗಿ ಅವರ ವಾಕ್ಯ ಬಿಡಿಸಿಕೊಳ್ಳುತ್ತದೆ. ಇದು ನನಗೆ ಗುಂಡು ಹೊಡೆಯುವುದಕ್ಕಿಂತ ಜಾಸ್ತಿ ಇಷ್ಟ.

ಇಲ್ಲಿಗೆ ಬಂದ ತಕ್ಷಣ ಮಾಡಬೇಕಾದ್ದು: ನೀವು ತೊಟ್ಟ ಉಡುಪಾದ ಎಕ್ಸೋಸೂಟ್‌ಗೆ ಒಂದು ಖಾನೆ ಕೊಳ್ಳಿ. ಪ್ರತಿ ನಿಲ್ದಾಣದಲ್ಲೂ ಒಂದು ಸಿಗುತ್ತದೆ, ಕೊಂಡಂತೆಲ್ಲ ಬೆಲೆ ಏರುತ್ತದೆ. ಹೊಸಬರ ಮೊದಲ ತಲೆನೋವೇ ಜಾಗ ಸಾಲದಿರುವುದು. ಹೊಸ ನೌಕೆಗೆ ದುಡ್ಡು ಕೂಡಿಡುವ ಬದಲು ಮೊದಲು ಜೇಬು ದೊಡ್ಡದು ಮಾಡಿ.

ಎರಡನೆಯದು ಸ್ಕ್ಯಾನರ್ ಅಪ್‌ಗ್ರೇಡ್. ಮಲ್ಟಿ-ಟೂಲ್ (ಕೈಯಲ್ಲಿ ಹಿಡಿಯುವ ಉಪಕರಣ) ಅಪ್‌ಗ್ರೇಡ್ ಮಾರುವವರ ಹತ್ತಿರ ನ್ಯಾನೈಟ್ ಎಂಬ ಇನ್ನೊಂದು ಥರದ ದುಡ್ಡು ಕೊಟ್ಟು ಕೊಳ್ಳಬೇಕು. ಎಲ್ಲಕ್ಕಿಂತ ಮೇಲಿನ ಎಸ್ ದರ್ಜೆ ಸಿಕ್ಕರೆ ಒಳ್ಳೇದು, ಇಲ್ಲದಿದ್ದರೆ ಎ ದರ್ಜೆ. ಅಂಥ ಮೂರು ಹಾಕಿದರೆ ಒಂದು ಪ್ರಾಣಿಯನ್ನು ವೈಸರ್‌ನಲ್ಲಿ ನೋಡಿದ್ದಕ್ಕೇ ಹತ್ತಾರು ಸಾವಿರ ಯೂನಿಟ್ (ಆಟದ ಮಾಮೂಲಿ ದುಡ್ಡು), ಅಪರೂಪದ್ದಾದರೆ ಲಕ್ಷದ ಮೇಲೂ ಬರುತ್ತದೆ. ಗಣಿ ಅಗೆದು ದುಡ್ಡು ಮಾಡುವವರು ಮಾಡಿಕೊಳ್ಳಲಿ. ಹೊಸಬರಿಗೆ ಇದಕ್ಕಿಂತ ಸುಲಭದ ಸಂಪಾದನೆ ಇಲ್ಲ. ಅಂತರಿಕ್ಷ ನೋಡಲು ಬಂದವರಿಗೆ ನೋಡಿದ್ದಕ್ಕೇ ಸಂಬಳ.

ನ್ಯಾನೈಟ್ ಎಲ್ಲಿಂದ? ಕಂಡುಹಿಡಿದ ಗ್ರಹ, ಪ್ರಾಣಿಗಳನ್ನು ಅಪ್‌ಲೋಡ್ ಮಾಡಿದರೆ ಬರುತ್ತದೆ. ಒಂದು ಗ್ರಹದ ಎಲ್ಲ ಪ್ರಾಣಿಗಳನ್ನೂ ಗುರುತಿಸಿದರೆ ಮೇಲೆ ಬೋನಸ್. ಕೆಲವು ಗ್ರಹಗಳಲ್ಲಿ ಉರುಳುವ ಗೋಲಗಳ ಗುಂಪು ಸಿಗುತ್ತದೆ, ಒಡೆದರೆ ರನ್‌ಅವೇ ಮೋಲ್ಡ್. ಐದಕ್ಕೆ ಒಂದರಂತೆ ರಿಫೈನರ್‌ನಲ್ಲಿ ನ್ಯಾನೈಟ್ ಆಗುತ್ತದೆ. ಅಂಥ ಜಾಗ ಸಿಕ್ಕರೆ ಪಕ್ಕದಲ್ಲೇ ಬೇಸ್ (ನೀವು ಕಟ್ಟುವ ಮನೆ) ಹಾಕಿಬಿಡಿ.

ಸ್ವಲ್ಪ ಮುಂದೆ ಹೋದ ಮೇಲೆ ಕ್ಲೋರಿನ್ ವ್ಯಾಪಾರ ಮಾಡಬಹುದು. ಬೇಸ್‌ನಲ್ಲಿ ಮೀಡಿಯಂ ರಿಫೈನರ್ ಇಟ್ಟು ಒಂದು ಕ್ಲೋರಿನ್, ಎರಡು ಆಕ್ಸಿಜನ್ ಹಾಕಿದರೆ ಆರು ಕ್ಲೋರಿನ್ ಬರುತ್ತದೆ. ಆಕ್ಸಿಜನ್ ಅಗ್ಗ, ಕ್ಲೋರಿನ್‌ಗೆ ಅದಕ್ಕಿಂತ ಜಾಸ್ತಿ ಬೆಲೆ. ರಾಶಿ ಮಾಲನ್ನು ಒಂದೇ ಕಡೆ ಸುರಿದರೆ ಅಲ್ಲಿ ರೇಟು ಬಿದ್ದುಹೋಗುತ್ತದೆ, ಬೇರೆ ನಕ್ಷತ್ರಕ್ಕೆ ಒಯ್ಯಿರಿ. ನಮ್ಮ ಕಡೆಯ ಟೊಮೆಟೊ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಸ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕಟ್ಟುವ ಹುಚ್ಚು ಇರುವವರು ತಾವೇ ಕಲಿಯುತ್ತಾರೆ. ಬೇಸ್ ಕಂಪ್ಯೂಟರ್ ಇಟ್ಟು ಜಾಗ ನಿಮ್ಮದು ಮಾಡಿಕೊಳ್ಳಿ, ಟೆಲಿಪೋರ್ಟರ್ ಹಾಕಿ, ಅದಕ್ಕೆ ವಿದ್ಯುತ್ ಕೊಡಿ. ಆಮೇಲೆ ಯಾವ ನಿಲ್ದಾಣದಿಂದ ಬೇಕಾದರೂ ಒಂದೇ ನೆಗೆತಕ್ಕೆ ಮನೆ. ಹೊಸ ವಸ್ತು ಕಟ್ಟುವ ನಕ್ಷೆಗಳಿಗೆ (ಬ್ಲೂಪ್ರಿಂಟ್) ನೆಲದಡಿ ಹೂತಿರುವ ಟೆಕ್ನಾಲಜಿ ಮಾಡ್ಯೂಲ್‌ಗಳನ್ನು ವೈಸರ್‌ನಲ್ಲಿ ಹುಡುಕಿ ಅಗೆದು ಸ್ಯಾಲ್ವೇಜ್ಡ್ ಡೇಟಾ ತೆಗೆಯಬೇಕು. ಮೊದಲ ಗ್ರಹ ಕೆಟ್ಟದ್ದೇ ಆಗಿರುತ್ತದೆ, ಅಲ್ಲೇ ಅರಮನೆ ಕಟ್ಟಬೇಡಿ. ಮುಂದೆ ಹಸಿರು ಹುಲ್ಲಿನ, ತಣ್ಣನೆ ಗಾಳಿಯ ಗ್ರಹ ಸಿಕ್ಕೇ ಸಿಗುತ್ತದೆ.

ಎರಡನೇ ನಕ್ಷತ್ರ

ಹೈಪರ್‌ಡ್ರೈವ್ ಎಂಬ ಎಂಜಿನ್ ಮತ್ತು ಅದರ ಇಂಧನ ವಾರ್ಪ್ ಸೆಲ್ ಬೇಕು. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ನೆಗೆಯುವುದೇ ವಾರ್ಪ್. ಕಥೆಯ ದಾರಿ ಹಿಡಿದರೆ ಎರಡರ ನಕ್ಷೆಯೂ ತಾನಾಗಿ ಸಿಗುತ್ತದೆ. ಆಂಟಿಮ್ಯಾಟರ್ ಮತ್ತು ಅದನ್ನು ಇಡುವ ಹೌಸಿಂಗ್ ಸೇರಿದರೆ ಒಂದು ಸೆಲ್. ಈ ಹಂತದವರೆಗೆ ಕಥೆಯ ಸೂಚನೆಗಳನ್ನು ಬಿಡಬೇಡಿ, ಬೇರೆ ಎಲ್ಲೂ ಅಲೆಯಬೇಡಿ. ಇಲ್ಲಿಂದ ಮುಂದೆ ಬೇಕಾದರೆ ಕಥೆಯನ್ನು ಪಕ್ಕಕ್ಕಿಡಿ.

ಗ್ಯಾಲಕ್ಸಿ ನಕ್ಷೆ ತೆರೆದರೆ ಹಳದಿ ನಕ್ಷತ್ರಗಳಿಗೆ ಮಾತ್ರ ಹೋಗಬಹುದು. ಕೆಂಪಿಗೆ ಕ್ಯಾಡ್ಮಿಯಂ ಡ್ರೈವ್, ಹಸಿರಿಗೆ ಎಮೆರಿಲ್ ಡ್ರೈವ್, ನೀಲಿಗೆ ಇಂಡಿಯಂ ಡ್ರೈವ್ ಹಾಕಿಸಬೇಕು. ನೇರಳೆ ನಕ್ಷತ್ರಗಳು 2025ರ ಜನವರಿಯ ಅಪ್‌ಡೇಟ್‌ನಲ್ಲಿ ಬಂದವು, ಅವು ತುಂಬ ಮುಂದಿನ ಮಾತು.

ಕೆಲವು ನಕ್ಷತ್ರ ದಾಟುತ್ತಿದ್ದಂತೆ ಒಂದು ದುಂಡನೆ ದೊಡ್ಡ ನಿಲ್ದಾಣ ಪ್ರತ್ಯಕ್ಷವಾಗುತ್ತದೆ. ಅದು ಸ್ಪೇಸ್ ಅನಾಮಲಿ. ಆಮೇಲೆ ಅಂತರಿಕ್ಷದಲ್ಲಿ ಎಲ್ಲಿಂದ ಬೇಕಾದರೂ ಕರೆಯಬಹುದು. ಒಳಗೆ ಬೇರೆ ದೇಶಗಳ ಆಟಗಾರರು ಓಡಾಡುತ್ತಿರುತ್ತಾರೆ. ಕೆಲವರು ಸುಮ್ನೆ ಬಂದು ಬೆಲೆಬಾಳುವ ವಸ್ತು ಕೈಗಿಟ್ಟು ಹೋಗುತ್ತಾರೆ. ಗಾಬರಿ ಬೇಡ, ಇಲ್ಲಿ ಹೊಸಬರಿಗೆ ಕೊಡುವುದು ಒಂದು ರೂಢಿ. ಆದರೆ ಅದನ್ನು ಮಾರಿ ಒಂದೇ ದಿನ ಕೋಟ್ಯಧಿಪತಿ ಆದರೆ ಆಟದ ಮೊದಲ ಮೂವತ್ತು ಗಂಟೆಯ ಸಂತೋಷ ಹೋಯಿತು. ನಾನಾದರೆ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತೇನೆ.

ಇನ್ನೊಂದು ಉಡುಗೊರೆ ಆಟವೇ ಕೊಡುತ್ತದೆ. ಮೂರು ಗಂಟೆಯಷ್ಟು ಆಡಿ ಐದಾರು ಸಲ ವಾರ್ಪ್ ಮಾಡಿದ ಮೇಲೆ, ಒಂದು ನೆಗೆತದ ಕೊನೆಗೆ ಯುದ್ಧದ ನಡುವೆ ಬಂದು ಬೀಳುತ್ತೀರಿ. ಕಡಲ್ಗಳ್ಳರು ಒಂದು ದೊಡ್ಡ ಫ್ರೈಟರ್ (ಸರಕು ಹಡಗು) ಮೇಲೆ ಬಿದ್ದಿರುತ್ತಾರೆ. ಓಡಿಸಿದರೆ ಅದರ ನಾಯಕ ಹಡಗನ್ನೇ ನಿಮಗೆ ಕೊಡುತ್ತಾನೆ, ಪುಕ್ಕಟೆ. ಆಕಾರ ಇಷ್ಟ ಆಗದಿದ್ದರೆ ಬೇಡ ಅನ್ನಿ. ಮತ್ತೆ ಅಷ್ಟೇ ಹೊತ್ತು ಆಡಿದರೆ ಇನ್ನೊಂದು ಯುದ್ಧ ಬರುತ್ತದೆ, ಪುಕ್ಕಟೆಯ ಅವಕಾಶ ಹಾಗೇ ಇರುತ್ತದೆ.

ಇನ್ನೊಬ್ಬರ ಗ್ರಹಕ್ಕೆ ಹೋಗುವುದು

ಇಷ್ಟು ದೊಡ್ಡ ಜಗತ್ತಿನಲ್ಲಿ ಮೈಸೂರಿನ ನೀವು ಮಂಡ್ಯದ ಸ್ನೇಹಿತನನ್ನು ದಾರಿಯಲ್ಲಿ ಎದುರುಗೊಳ್ಳುವ ಆಸೆ ಬಿಡಿ. ಎರಡು ದಾರಿ ಇವೆ. ಸುಲಭದ್ದು, ಸ್ನೇಹಿತರ ಪಟ್ಟಿಯಿಂದ ನೇರವಾಗಿ ಅವನ ಆಟಕ್ಕೆ ಸೇರುವುದು. ಕಷ್ಟದ್ದು, ಆದರೆ ನನಗೆ ಇಷ್ಟವಾದದ್ದು, ಪೋರ್ಟಲ್.

ಗ್ರಹಗಳ ಮೇಲೆ ಕಲ್ಲಿನ ದೊಡ್ಡ ಉಂಗುರಗಳಿವೆ. ಅವೇ ಪೋರ್ಟಲ್, ವಿಳಾಸ ಕೊಟ್ಟರೆ ಆ ಗ್ರಹಕ್ಕೆ ದಾಟಿಸುತ್ತವೆ. ಪ್ರತಿ ಗ್ರಹಕ್ಕೂ 12 ಚಿಹ್ನೆಯ ಒಂದು ವಿಳಾಸ. ಒಟ್ಟು ಚಿಹ್ನೆ 16. ಅವನ್ನು ಒಂದೊಂದಾಗಿ ಸಂಪಾದಿಸಬೇಕು. ನಿಲ್ದಾಣಗಳಲ್ಲಿ ಕೆಲವೊಮ್ಮೆ ಟ್ರಾವೆಲರ್ ಎಂಬ ವಿಚಿತ್ರ ಯಾತ್ರಿಕ ಸಿಗುತ್ತಾನೆ. ಅವನ ಹುಟ್ಟಿನ ಬಗ್ಗೆ ಕೇಳಿ, 100 ನ್ಯಾನೈಟ್ ಕೊಟ್ಟರೆ ಒಂದು ಸಮಾಧಿಯ ಗುರುತು ಹೇಳುತ್ತಾನೆ. ಅಲ್ಲಿ ಒಂದು ಚಿಹ್ನೆ. ಕಥೆ ಹಿಡಿದು ಹೋದರೂ ಎಲ್ಲ ಸಿಗುತ್ತವೆ. ಒಮ್ಮೆ 16 ಕೂಡಿದರೆ ಯಾರ ಫೋಟೋದ ಕೆಳಮೂಲೆಯಲ್ಲಿ ವಿಳಾಸ ಕಂಡರೂ ಅಲ್ಲಿಗೆ ಹೋಗಬಹುದು. ಒಂದು ಷರತ್ತು: ಇಬ್ಬರೂ ಒಂದೇ ಗ್ಯಾಲಕ್ಸಿಯಲ್ಲಿರಬೇಕು. ಎಲ್ಲರೂ ಶುರು ಮಾಡುವುದು ಯೂಕ್ಲಿಡ್‌ನಲ್ಲಿ, ಅಲ್ಲೇ ಇರಿ.

ಮೊದಲು ಕಂಡುಹಿಡಿದವರಿಗೆ ಹೆಸರಿಡುವ ಹಕ್ಕು. ನಾನು ಇಂಗ್ಲಿಷ್ ಅಕ್ಷರದಲ್ಲೇ ನಮ್ಮ ಊರುಗಳ ಹೆಸರು ಇಡುತ್ತೇನೆ. ನೀರು ಜಾಸ್ತಿ ಇದ್ದದ್ದಕ್ಕೆ ಕನ್ನಂಬಾಡಿ, ಬರೀ ಬಂಡೆಯಿದ್ದದ್ದಕ್ಕೆ ಮೇಲುಕೋಟೆ. ಅಪ್‌ಲೋಡ್ ಆದ ಮೇಲೆ ಆ ದಾರಿಯಲ್ಲಿ ಯಾರೇ ಬಂದರೂ ಅದೇ ಹೆಸರು ಓದುತ್ತಾರೆ.

ಬೇಸರ ಬಂದಾಗ

ಬರುತ್ತದೆ. ನಲವತ್ತು ಐವತ್ತು ಗಂಟೆಯ ಹೊತ್ತಿಗೆ ಗ್ರಹಗಳು ಒಂದೇ ಥರ ಕಾಣತೊಡಗುತ್ತವೆ. ಅದೇ ಕಟ್ಟಡ, ಅದೇ ಪೆಟ್ಟಿಗೆ. ಗುಂಡಿನ ಕಾಳಗ ಈ ಆಟದ ಬಲ ಅಲ್ಲ, ಅದನ್ನೇ ನಂಬಿ ಬಂದವರಿಗೆ ನಿರಾಸೆ ಖಂಡಿತ. ಕಥೆಯೂ ಅಲ್ಲಲ್ಲಿ ಎಳೆದ ಹಾಗಿದೆ.

ಆಗ ಎಕ್ಸ್‌ಪೆಡಿಷನ್ ನೋಡಿ. ಇವು ಕೆಲವು ವಾರ ಮಾತ್ರ ತೆರೆದಿರುವ ಪ್ರಯಾಣಗಳು. ಎಲ್ಲ ಆಟಗಾರರೂ ಒಂದೇ ಕಡೆಯಿಂದ ಹೊರಟು ಒಂದೇ ಗುರಿಗಳನ್ನು ಮುಟ್ಟುತ್ತ ಹೋಗುತ್ತಾರೆ. ದಾರಿಯಲ್ಲಿ ಬೇರೆಯವರ ಬೇಸ್, ಬೇರೆಯವರು ಬಿಟ್ಟ ಸಂದೇಶ ಸಿಗುತ್ತವೆ. ಹೊಸ ಸೇವ್‌ನಿಂದ ಶುರು ಮಾಡಿದರೂ ಬಹುಮಾನಗಳು ನಿಮ್ಮ ಹಳೇ ಸೇವ್‌ನಲ್ಲೂ ಸಿಗುತ್ತವೆ. ಅನಾಮಲಿಗೆ ಹೋಗಿ ಕ್ವಿಕ್‌ಸಿಲ್ವರ್ ಅಂಗಡಿಯ ರೋಬೋಟ್ ಹತ್ತಿರ ಕೇಳಿ ಪಡೆಯಬೇಕು. ಕೆಲವು ಸಲ ಬಹುಮಾನದಲ್ಲಿ ನೌಕೆಯೇ ಇರುತ್ತದೆ. ಮುಖ್ಯ ಮೆನುವಿನಲ್ಲಿ ಹೊಸ ಆಟ ಒತ್ತಿದಾಗ ಎಕ್ಸ್‌ಪೆಡಿಷನ್ ಅಂತ ಕಂಡರೆ ಸದ್ಯ ಒಂದು ನಡೆಯುತ್ತಿದೆ ಅಂತ ಅರ್ಥ. ಎಷ್ಟು ದಿನ ಉಳಿದಿದೆ ಅಂತ ನೋಡಿಕೊಂಡು ಹೊರಡಿ, ಪರೀಕ್ಷೆ ಹತ್ತಿರ ಇದ್ದರೆ ಮುಂದಿನದಕ್ಕೆ ಕಾಯಿರಿ.